ಹೊಂಗೆ ಮರದಡಿಯ ಸ್ಪೇನ್ ದರ್ಬಾರು

ಹೋದ ಸೋಮವಾರ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗಿಂದ ಒಂದು ಮೇಜು, ಒಂದು ಮಡಚುವ ಕುರ್ಚಿ ಮತ್ತು ಸ್ಪೇನ್ ದೇಶದ ಸಮಸ್ತ ಕುಲೀನವರ್ಗ ಒಂದೇ ಲಗೇಜ್ ಆಟೋದಲ್ಲಿ ತೆರವಾದವು. ಅರ್ಜಿ ಬರೆಯುವ ನಮ್ಮ ರೈಟ್ರು ನಿವೃತ್ತರಾದರು. ಸರ್ಕಾರಿ ನೌಕರನಿಗಾದರೆ ನಿವೃತ್ತಿಗೆ ಗೊತ್ತಾದ ವಯಸ್ಸಿದೆ, ಹಾರವಿದೆ, ಅವನ ಬಗ್ಗೆ ಕೂಡಿಸಿ ಗುಣಿಸಿ ಸುಳ್ಳು ಹೇಳುವ ಭಾಷಣಕಾರರಿದ್ದಾರೆ. ಮರದಡಿಯವರಿಗೆ ಅದೇನೂ ಇಲ್ಲ. ‘ಕಣ್ಣು ರಾಜೀನಾಮೆ ಕೊಟ್ಟಿದೆ, ಅಂಗೀಕರಿಸಿದ್ದೀನಿ’ ಎಂದಷ್ಟೇ ಹೇಳಿ ಅವರು ಆಟೋದ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತರು. ಕರಿಯ ಟೋಪಿ ತಲೆಯ ಮೇಲೆ ನೆಟ್ಟಗಿತ್ತು.

ಆ ಟೋಪಿಯನ್ನು ಅವರು ತೆಗೆದದ್ದನ್ನು ನಾನು ನನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಕಂಡಿದ್ದೇನೆ. ಈ ಬರಹ ಆ ಒಂದು ಸಲದ ಕಡೆಗೇ ಹೋಗುತ್ತಿದೆ. ಆದರೆ ರೈಟ್ರ ಅರ್ಜಿಗಳ ಹಾಗೆ ಇದೂ ಮೊದಲು ವಂಶವೃಕ್ಷ ಹೇಳಿಯೇ ವಿಷಯಕ್ಕೆ ಬರಬೇಕು.

ಅವರ ಹೆಸರು ಬರೆಯುವುದಿಲ್ಲ. ಬಿರುದಿಲ್ಲದ ಹೆಸರು ಗುಂಡಿ ಹಾಕದ ಅಂಗಿ ಇದ್ದಂತೆ ಎಂಬುದು ಅವರದೇ ಮತ. ಬಿರುದು ಸೇರಿಸಿ ಬರೆಯೋಣವೆಂದರೆ, ತಾಲ್ಲೂಕಿನ ತುಂಬ ಬಿರುದು ಹಂಚಿದ ಮನುಷ್ಯ ತನಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲರಂತೆ ನಾನೂ ರೈಟ್ರು ಎನ್ನುತ್ತೇನೆ. ನಾನು ಅದೇ ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತನಾಗಿದ್ದವನು. ನನ್ನ ಕಿಟಕಿಗೂ ಅವರ ಮೇಜಿಗೂ ನಡುವೆ ಒಂದು ಚರಂಡಿ ಮಾತ್ರ ಇತ್ತು. ಇಪ್ಪತ್ತೆಂಟು ವರ್ಷ ನಾವು ಆ ಚರಂಡಿಯ ಎರಡು ದಡಗಳಲ್ಲಿ ಕೂತು ಲೋಕವ್ಯವಹಾರ ಮಾತಾಡಿದ್ದೇವೆ.

ಅವರ ಹೊಟ್ಟೆಪಾಡು ನಡೆದದ್ದು ಪೌತಿ ಖಾತೆಯ ಅರ್ಜಿಗಳಿಂದ. ಅಪ್ಪ ಸತ್ತ ಮೇಲೆ ಜಮೀನು ಮಕ್ಕಳ ಹೆಸರಿಗೆ ಬರಬೇಕಾದರೆ ವಂಶವೃಕ್ಷ ಬೇಕು. ರೈಟ್ರು ಹಸಿರು ಗೆರೆಯ ಹಾಳೆಯ ಮೇಲೆ ಸತ್ತವನನ್ನು ಮೇಲೆ ಕೂರಿಸಿ, ಗೆರೆ ಎಳೆದು, ಮಕ್ಕಳನ್ನು ಕೆಳಗೆ ನೇತುಹಾಕುತ್ತಿದ್ದರು. ‘ಎರಡನೇ ಸಂಸಾರ ಏನಾದ್ರೂ ಉಂಟೋ?’ ಎಂದು ಅವರು ಕೇಳುವ ರೀತಿಯಲ್ಲಿ ‘ಕಾಫಿ ಕುಡೀತೀರೋ’ ಎನ್ನುವಷ್ಟು ಸೌಜನ್ಯವಿತ್ತು. ಹಾಗಾಗಿ ಜನ ನಿಜ ಹೇಳಿಬಿಡುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿದ್ದುದು ಒಂದೇ ಕಾರಣಕ್ಕೆ: ಯಾರಾದರೂ ರದ್ದಾದ ಹಳೆಯ ಸುತ್ತೋಲೆ ಹಿಡಿದುಕೊಂಡು ವಾದಿಸಿದರೆ. ‘ಹಳೇ ಸುತ್ತೋಲೆ ಇಟ್ಕೊಂಡಿರೋನೂ ಹಳೇ ಪಂಚಾಂಗ ಇಟ್ಕೊಂಡಿರೋನೂ ಒಂದೇ ಕಣಯ್ಯಾ. ಇಬ್ಬರೂ ಹಬ್ಬ ಮುಗಿದ ಮೇಲೆ ಎಣ್ಣೆಸ್ನಾನ ಮಾಡ್ತಾರೆ.’

ಇಂಥ ಮನುಷ್ಯನ ಕೈಗೆ ಸ್ಪೇನ್ ಸಿಕ್ಕಿದ್ದು ಕೋಲಾರದ ಒಂದು ಗುಜರಿ ಅಂಗಡಿಯಲ್ಲಿ. ಇಂಗ್ಲಿಷಿನ ದೊಡ್ಡ ವಿಶ್ವಕೋಶವೊಂದರ ‘ಜಿ’ ಅಕ್ಷರದ ಒಂದೇ ಸಂಪುಟ, ರಟ್ಟು ಹೋಗಿತ್ತು. ಅಕ್ಷರಾನುಕ್ರಮದ ಕೃಪೆಯಿಂದ ಅದರಲ್ಲಿ ಜಿರಾಫೆ, ಗಿಟಾರು, ಗುರುತ್ವಾಕರ್ಷಣೆ ಮತ್ತು ಸ್ಪೇನಿನ ಗ್ರಾಂಡಿಗಳು ಅಕ್ಕಪಕ್ಕ ವಾಸವಾಗಿದ್ದರು. ರೈಟ್ರು ಮೊದಲ ಮೂವರನ್ನು ಗೌರವದಿಂದ ದಾಟಿ ನಾಲ್ಕನೆಯವರ ಹತ್ತಿರ ನಿಂತುಬಿಟ್ಟರು.

ಗ್ರಾಂಡಿ ಎಂದರೆ ಆ ದೇಶದ ಕುಲೀನರಲ್ಲಿ ತುತ್ತತುದಿಯವನು. ಬ್ಯಾರನ್, ವೈಕೌಂಟ್, ಕೌಂಟ್, ಮಾರ್ಕ್ವಿಸ್, ಡ್ಯೂಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಬಿರುದುಗಳಿವೆ. ಡ್ಯೂಕುಗಳೆಲ್ಲ ಗ್ರಾಂಡಿಗಳೇ. ಕೆಳಗಿನವರಲ್ಲಿ ಅದೃಷ್ಟವಂತರು ಮಾತ್ರ. ಬಿರುದು ಅಪ್ಪನಿಂದ ಹಿರಿಯ ಮಗನಿಗೆ ಬರುತ್ತದೆ, ಆದರೆ ತಾನಾಗಿ ಬರುವುದಿಲ್ಲ. ಹಕ್ಕುದಾರನು ಗಡುವಿನೊಳಗೆ ಸರ್ಕಾರಕ್ಕೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ವಂಶಾವಳಿ ತೋರಿಸಬೇಕು. ಇಲ್ಲಿಗೆ ಬಂದಾಗ ರೈಟ್ರ ಕಣ್ಣು ಒದ್ದೆಯಾಗಿತ್ತೆಂದು ನನ್ನ ನೆನಪು. ‘ನೋಡ್ರೀ, ಡ್ಯೂಕ್ ಸತ್ತರೂ ಪೌತಿ ಖಾತೆ ತಪ್ಪಲಿಲ್ಲ! ಬಿರುದು ಸತ್ತೋನ ಜೊತೆ ಸಾಯಲ್ಲ. ಅರ್ಜಿ ಹಾಕದೋನ ಜೊತೆ ಸಾಯ್ತದೆ.’ ಒಬ್ಬೊಬ್ಬರಿಗೆ ಹತ್ತಿಪ್ಪತ್ತು ಬಿರುದುಗಳಿರುತ್ತವೆ ಎಂದು ಓದಿದಾಗ ಮಾತ್ರ ಅವರ ಮುಖ ಗಂಭೀರವಾಯಿತು. ‘ಪಾಪ, ಆಧಾರ್ ಕಾರ್ಡಲ್ಲಿ ಹಿಡಿಸಲ್ಲ.’

ರಾಜನು ಗ್ರಾಂಡಿಗಳನ್ನು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಂದು ಭಾವಿಸಿ ‘ಸೋದರ’ ಎಂದು ಕರೆಯುತ್ತಿದ್ದನಂತೆ. ಇದು ನಮ್ಮಿಬ್ಬರಿಗೂ ಅಷ್ಟೇನೂ ದೊಡ್ಡದೆನಿಸಲಿಲ್ಲ. ನಮ್ಮ ಮುಳಬಾಗಿಲು ಬಸ್ಸಿನ ಕಂಡಕ್ಟರು ಇಡೀ ಬಸ್ಸನ್ನು ‘ಬಾವಾ, ಒಳಗೆ ಹೋಗಿ ಬಾವಾ’ ಎನ್ನುತ್ತಾನೆ. ಮೇಲಾಗಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಎಂಬ ಮಾತು ನಮ್ಮ ಕಚೇರಿಯಲ್ಲಿ ತಕರಾರು ಅರ್ಜಿಯ ಮೊದಲ ಸಾಲು.

ರೈಟ್ರ ಮನಸ್ಸು ಸೆರೆಸಿಕ್ಕಿದ್ದು ಟೋಪಿಯ ವಿಷಯದಲ್ಲಿ. ರಾಜನ ಎದುರು ಎಲ್ಲರೂ ಟೋಪಿ ತೆಗೆಯಬೇಕು, ಗ್ರಾಂಡಿ ಒಬ್ಬ ಮಾತ್ರ ಹಾಕಿಕೊಂಡೇ ಇರಬಹುದು. ಅದರಲ್ಲೂ ಹಿಂದೆ ಮೂರು ದರ್ಜೆ ಇದ್ದವಂತೆ. ಮೊದಲ ದರ್ಜೆಯವನು ಟೋಪಿ ಹಾಕಿಕೊಂಡೇ ರಾಜನ ಹತ್ತಿರ ಮಾತಾಡಿ, ಹಾಕಿಕೊಂಡೇ ಉತ್ತರ ಕೇಳುವನು. ಎರಡನೆಯವನು ಬರಿದಲೆಯಲ್ಲಿ ಮಾತಾಡಿ, ಟೋಪಿ ಹಾಕಿಕೊಂಡು ಉತ್ತರ ಕೇಳುವನು. ಮೂರನೆಯವನು ರಾಜ ಅಪ್ಪಣೆ ಕೊಡುವ ತನಕ ಕೈಯಲ್ಲೇ ಹಿಡಿದು ನಿಲ್ಲುವನು. ಯಾರನ್ನು ಹೊಸದಾಗಿ ಗ್ರಾಂಡಿ ಮಾಡಿದರೂ ಅದಕ್ಕೆ ಮಂತ್ರವಿಲ್ಲ, ಮುದ್ರೆಯಿಲ್ಲ. ರಾಜನು ಅವನನ್ನು ನೋಡಿ ‘ತಲೆ ಮುಚ್ಚಿಕೋ’ ಎಂದರೆ ಆಯಿತು. ಈಗ ಆ ದೇಶದಲ್ಲಿ ಬಿರುದು ಉಳಿದಿದೆ, ಟೋಪಿ ಉಳಿದಿಲ್ಲ.

ಅಲ್ಲಿ ಉಳಿಯದಿದ್ದರೇನು, ರೈಟ್ರು ಇಲ್ಲಿ ಉಳಿಸಿದರು. ಒಂದು ಹಳೆಯ ರಿಜಿಸ್ಟರಿನ ಹಿಂಭಾಗದಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಂಡಿಗಳ ಪಟ್ಟಿ ಶುರುವಾಯಿತು. ಅರ್ಹತೆ ಒಂದೇ: ಕೆಲಸದಲ್ಲಿರುವಾಗ ಎಂಥ ದೊಡ್ಡ ಮನುಷ್ಯ ಬಂದರೂ ಏಳಬೇಕಾಗಿಲ್ಲದವನು. ಮಾವಿನ ಮಂಡಿಯಲ್ಲಿ ತೂಕ ಹಾಕುವವನು ಮೊದಲು ಸೇರಿದ. ತಕ್ಕಡಿಯ ಮುಳ್ಳು ನಿಲ್ಲುವ ತನಕ ಅವನು ಶಾಸಕರಿಗೂ ನಮಸ್ಕಾರ ಹೇಳುವುದಿಲ್ಲ. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಸಲೂನಿನವನು. ಹೊಸ ತಹಸೀಲ್ದಾರರು ಬಾಗಿಲಲ್ಲಿ ನಿಂತಾಗ ಆತ ಕತ್ತೆತ್ತದೆ, ‘ಸಾರ್ ಕೂತ್ಕಳಿ, ಇವರ್ದು ಇನ್ನೊಂದು ಕೆನ್ನೆ ಐತೆ’ ಎಂದಿದ್ದ. ‘ಸಾರ್’ ಎಂದ ತಪ್ಪಿಗೆ ಎರಡನೇ ದರ್ಜೆಯಲ್ಲಿ ದಾಖಲಾದ.

‘ನನ್ನ ಹೆಸರು?’ ಎಂದು ಒಂದು ದಿನ ಕಿಟಕಿಯಿಂದ ಕೇಳಿದೆ.

‘ಸಾಹೇಬ್ರ ಜೀಪಿನ ಹಾರನ್ ಕೇಳಿದ್ರೇ ಎದ್ದು ನಿಲ್ತೀರಲ್ರೀ. ನಿಮ್ಮನ್ನ ಎಲ್ಲಿ ಸೇರಿಸ್ಲಿ?’

ಆ ಹೊತ್ತಿಗೆ ಸರಿಯಾಗಿ ಜೀಪು ಬಂತು.

ಆ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದ ಹೆಸರು ಒಂದೇ: ನೀರಗಂಟಿ ಮುನಿಸ್ವಾಮಿ. ಮುಳಬಾಗಿಲಿನ ಕಡೆಗೆ ಹೋಗುವಾಗ, ಮಾವಿನ ತೋಪು ಮುಗಿದು ಹಿಪ್ಪುನೇರಳೆ ಕಡ್ಡಿ ಕಾಣಿಸುವಲ್ಲಿ ಒಂದು ಊರಿದೆ. ಆ ಊರಿನ ಕೆರೆಯ ತೂಬು ಎತ್ತಿ, ಗದ್ದೆ ಗದ್ದೆಗೆ ನೀರು ಹಂಚುವವನು ನೀರಗಂಟಿ. ಸರ್ಕಾರದ ಲೆಕ್ಕದಲ್ಲಿ ಆ ಹುದ್ದೆ ಯಾವಾಗಲೋ ಮುಗಿದಿದೆ. ಊರಿನ ಲೆಕ್ಕದಲ್ಲಿ ಅದು ಅಪ್ಪನಿಂದ ಮಗನಿಗೆ ಬಂದದ್ದು. ಆ ಊರಲ್ಲಿ ಗೌಡರು ಎದುರಿಗೆ ಬಂದರೆ ಎಲ್ಲರೂ ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ. ನೀರಗಂಟಿ ಮಾತ್ರ, ತೂಬಿನ ಹತ್ತಿರ ನಿಂತಾಗ, ತೆಗೆಯುವುದಿಲ್ಲ. ಅದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ತಪ್ಪಿದ್ದೂ ಇಲ್ಲ. ತೂಬಿನ ಬಳಿ ಟವೆಲ್ಲು ಸುತ್ತಿ ನಿಂತವನೇ ನೀರಗಂಟಿ. ಇದನ್ನು ಮೊದಲ ಸಲ ಕೇಳಿದ ದಿನ ರೈಟ್ರು ಮಧ್ಯಾಹ್ನದ ಊಟಕ್ಕೆ ಹೋಗಲಿಲ್ಲ. ‘ಸಾವಿರಾರು ಮೈಲಿ ಆಚೆ ಹುಡುಕ್ತಾ ಇದ್ದೆನಲ್ರೀ! ಇಲ್ಲೇ ಅವನೆ, ಮೊದಲ ದರ್ಜೆ!’

ಮುನಿಸ್ವಾಮಿಯ ಕೊನೆಯ ವರ್ಷಗಳಲ್ಲಿ ಕೆರೆಯಲ್ಲಿ ನೀರೇ ಇರಲಿಲ್ಲ. ಆದರೂ ಆತ ದಿನಾ ಗುದ್ದಲಿ ಹೊತ್ತು ಕೆರೆಯ ಏರಿಯ ಮೇಲೆ ಹೋಗಿಬರುತ್ತಿದ್ದ. ಮೊಣಕಾಲು ಸೋತ ಮೇಲೆ ಒಬ್ಬಳೇ ಮಗಳು ನಾಗವೇಣಿ ಹೋಗತೊಡಗಿದಳು. ಗಂಡನನ್ನು ತನ್ನೂರಿಗೇ ಕರೆತಂದು ರೇಷ್ಮೆ ಹುಳ ಸಾಕುತ್ತಿದ್ದ ಹೆಂಗಸು. ಬೆಳಗಿನ ಸೊಪ್ಪು ಹಾಕಿ, ಕಾಲುವೆಯ ಹೂಳು ತೆಗೆದು, ತೂಬಿನ ಬಿರಡೆಗೆ ಎಣ್ಣೆ ಬಳಿದು ಬರುತ್ತಿದ್ದಳು. ಊರಿನವರು ನಕ್ಕರು. ಮುನಿಸ್ವಾಮಿ ತೀರಿಕೊಂಡ. ಮರುವರ್ಷ ಮಳೆ ಹೊಡೆದು ಕೆರೆ ತುಂಬಿ ಕೋಡಿ ಹರಿಯಿತು. ತುಂಬಿದ ಕೂಡಲೇ ವಾರಸುದಾರನೂ ಕಾಣಿಸಿಕೊಂಡ.

ವೇಮಗಲ್ಲಿನ ಕಾರ್ಖಾನೆಯಲ್ಲಿದ್ದ ಸೀನ, ಮುನಿಸ್ವಾಮಿಯ ತಮ್ಮನ ಮಗ. ನೀರಗಂಟಿಗೆ ಊರು ಕೊಡುವ ಮೊದಲ ತಾಂಬೂಲ, ಸುಗ್ಗಿಯ ಮೊದಲ ಕಟ್ಟು, ದೊಡ್ಡಪ್ಪನ ಟವೆಲ್ಲು, ಎಲ್ಲವೂ ಗಂಡು ವಾರಸುದಾರನಾದ ತನಗೆ ಸೇರಬೇಕೆಂದ. ಹಿರಿಯರು ‘ಹೌದಲ್ವಾ’ ಎಂದರು.

ನಾಗವೇಣಿ ನೆಟ್ಟಗೆ ಹೊಂಗೆ ಮರಕ್ಕೆ ಬಂದಳು. ಆ ಹೊತ್ತಿಗೆ ನಾನು ನಿವೃತ್ತನಾಗಿ, ಚರಂಡಿ ದಾಟಿ ರೈಟ್ರ ಪಕ್ಕದಲ್ಲೇ ಕೂರುತ್ತಿದ್ದೆ.

‘ಗೌಡ್ರಿಗೆ ಒಂದು ಅರ್ಜಿ ಬರ್ಕೊಡಿ ಸ್ವಾಮಿ. ನಮ್ಮಪ್ಪನ ತೂಬು ನನಗೇ ಕೊಡ್ಬೇಕು ಅಂತ.’

ರೈಟ್ರು ಸ್ಪೇನಿನ ಗ್ರಂಥ ತೆರೆದರು. ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ನಿಜವಾದ ದುಃಖದಿಂದ ಹೇಳಿದರು: ‘ಆಗಲ್ಲಮ್ಮಾ. ಗಂಡು ಸಂತಾನಕ್ಕೇ ಮೊದಲು ಅಂತ ಐತೆ. ಸ್ಪೇನಲ್ಲೇ ಕೊಡಲ್ಲ ಅಂದ್ರೆ ನಿಮ್ಮ ಗೌಡ್ರು ಕೊಡ್ತಾರಾ?’

‘ಸ್ಪೇನು ಅಂದ್ರೆ ಯಾರು?’ ಎಂದಳು ನಾಗವೇಣಿ.

ರೈಟ್ರು ಹೇಳಿದರು. ಅವಳು ಸೆರಗು ಸಿಕ್ಕಿಸಿಕೊಂಡು, ಇಡೀ ಪುರಾಣ ಕೇಳಿ ಎದ್ದು ಹೋದಳು. ರೈಟ್ರು ಆ ದಿನ ಮತ್ತೆ ಪೆನ್ನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಫೋನು ಹಿಡಿದು ಬಂದಳು. ‘ನಿಮ್ಮ ಪುಸ್ತಕ ಹಳೇದು ಸ್ವಾಮಿ. ಹುಳಕ್ಕೆ ಸೊಪ್ಪು ಹಾಕ್ತಾ ಹಾಕ್ತಾ ಫೋನಿಗೆ ಕೇಳ್ದೆ. ಅಲ್ಲಿ ಕಾನೂನು ಬದ್ಲಾಗಿ ಎಷ್ಟೋ ವರ್ಷ ಆಯ್ತಂತೆ. ದೊಡ್ಡ ಮಗುಗೇ ಬಿರುದು. ಗಂಡಾದ್ರೂ ಅಷ್ಟೇ, ಹೆಣ್ಣಾದ್ರೂ ಅಷ್ಟೇ. ಕೇಳಿ ಬೇಕಾದ್ರೆ.’

ಫೋನು ಅದನ್ನೇ ಕನ್ನಡದಲ್ಲಿ ಹೇಳಿತು. ತಾಲ್ಲೂಕಿಗೆಲ್ಲ ಹಳೇ ಸುತ್ತೋಲೆಯ ಬಗ್ಗೆ ಪಾಠ ಹೇಳಿದ ಮನುಷ್ಯ ಇಷ್ಟು ವರ್ಷ ರದ್ದಾದ ಸುತ್ತೋಲೆಯಿಂದ ಸ್ಪೇನನ್ನು ಆಳುತ್ತಿದ್ದರು! ನಾನು ಮುಖ ಬೇರೆ ಕಡೆ ತಿರುಗಿಸಿದೆ. ನಗು ತಡೆಯುವುದಕ್ಕೆ ನನಗೆ ಬೇರೆ ದಾರಿ ಗೊತ್ತಿಲ್ಲ.

ರೈಟ್ರು ಒಂದು ಚೀಟಿ ಕತ್ತರಿಸಿದರು. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ‘ತಿದ್ದುಪಡಿ: ಗಂಡು ಎಂದಿರುವ ಕಡೆಯಲ್ಲೆಲ್ಲ ಹಿರಿಯ ಮಗು ಎಂದು ಓದಿಕೊಳ್ಳತಕ್ಕದ್ದು’ ಎಂದು ಬರೆದು, ಗೋಂದು ಹಚ್ಚಿ, ಗ್ರಂಥದ ಆ ಪುಟಕ್ಕೆ ಅಂಟಿಸಿದರು. ಊದಿ ಒಣಗಿಸಿದರು. ಆಮೇಲೆ ಹೇಳಿದರು: ‘ತಪ್ಪು ನನ್ನದಮ್ಮಾ. ಕೂತ್ಕೋ. ಅಪ್ಪನ ಹೆಸರು ಹೇಳು.’

‘ಗೊತ್ತಲ್ಲ ಸ್ವಾಮಿ ನಿಮಗೆ.’

‘ನನಗೆ ಗೊತ್ತಿರೋದು ಬೇರೆ, ಅರ್ಜಿಗೆ ಗೊತ್ತಾಗೋದು ಬೇರೆ. ಹೇಳು.’

ಆ ಭಾನುವಾರ ಊರ ಅರಳಿಕಟ್ಟೆಯ ಮೇಲೆ ನ್ಯಾಯ. ನಿವೃತ್ತ ಸರ್ಕಾರಿ ನೌಕರನೊಬ್ಬ ಜೊತೆಗಿದ್ದರೆ ತೂಕ ಬರುತ್ತದೆಂದು ನನ್ನನ್ನೂ ಕರೆದೊಯ್ದರು. ಗೌಡರು ಎಂಬತ್ತರ ಮುದುಕರು, ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಊರೆಲ್ಲ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತಿತ್ತು. ರೈಟ್ರು ವಂಶವೃಕ್ಷ ಬಿಡಿಸಿಟ್ಟು, ಸ್ಪೇನನ್ನು ಆದಿಯಿಂದ ಶುರುಮಾಡಿ, ಟೋಪಿಯ ಮೂರು ದರ್ಜೆಗಳನ್ನೂ ರಾಜನ ಅಪ್ಪಣೆಯನ್ನೂ ವಿವರಿಸಿ, ತಿದ್ದುಪಡಿ ಚೀಟಿಯನ್ನು ಎತ್ತಿ ತೋರಿಸಿದರು.

ಗೌಡರು ಒಂದು ಕಣ್ಣು ತೆರೆದರು. ‘ಏಮಪ್ಪಾ ರೈಟ್ರೇ, ಈ ಸ್ಪೇನು ಯಾವ ತಾಲ್ಲೂಕು?’

‘ತಾಲ್ಲೂಕಲ್ಲ ಗೌಡ್ರೇ, ದೇಶ. ಸಮುದ್ರದಾಚೆ.’

‘ರಾಗಿ ಬೆಳೀತಾರಾ?’

‘ದ್ರಾಕ್ಷಿ ಬೆಳೀತಾರೆ.’

‘ರಾಗಿ ತಿನ್ನದೋರ ನ್ಯಾಯ ನಮಗ್ಯಾಕಪ್ಪಾ?’ ಕಟ್ಟೆ ನಕ್ಕಿತು.

‘ನ್ಯಾಯ ಬೇಡ ಅಂದ್ರೆ ಟೊಮೇಟೊನೂ ಬಿಟ್ಬಿಡಿ ಗೌಡ್ರೇ. ಅದನ್ನ ಅಮೆರಿಕದಿಂದ ಹಡಗಲ್ಲಿ ಹಾಕ್ಕೊಂಡು ಮೊದ್ಲು ಈ ಕಡೆಗೆ ಹೊತ್ತು ತಂದೋರೇ ಅವರು.’

ನಗು ನಿಂತಿತು. ಕೋಲಾರ ಸೀಮೆಯಲ್ಲಿ ಟೊಮೇಟೊ ಹೆಸರು ಎತ್ತಿದ ಮೇಲೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. ಇದು ಗ್ರಂಥದಲ್ಲಿದ್ದ ವಿಷಯವಲ್ಲ, ನಾಗವೇಣಿಯ ಫೋನು ಒದಗಿಸಿದ ಹೆಚ್ಚುವರಿ ದಾಖಲೆ.

ಸೀನ ಎದ್ದು ನಿಂತ. ‘ಅವೆಲ್ಲ ಯಾಕೆ? ದೊಡ್ಡಪ್ಪನ ಟವಲ್ ನನಗೆ ಬರ್ಬೇಕು, ಅಷ್ಟೇ.’

‘ಟವಲ್ ಬೇಕಾ, ಗುದ್ದಲಿ ಬೇಕಾ?’ ಎಂದಳು ನಾಗವೇಣಿ.

‘ಎರಡೂ ಬೇಕು ಕಣಕ್ಕಾ.’

‘ಗುದ್ದಲಿ ಎಲ್ಲೈತೆ ಹೇಳು ನೋಡಾನ?’

ಸೀನ ಅತ್ತಿತ್ತ ನೋಡಿದ. ‘ಕೊಟ್ಟಿಗೇಲಿ.’

‘ಕೊಟ್ಟಿಗೆ ಬಿದ್ದೋಗಿ ಆರು ವರ್ಷ ಆಯ್ತು ಕಣೋ!’

‘ಅಕ್ಕಾ, ವಾರಕ್ಕೊಂದಿನ ರಜ ಐತೆ ನನಗೆ. ಭಾನುವಾರ ಬಂದು ನೀರು ಬಿಡ್ತೀನಿ.’

‘ಹಂಗಾದ್ರೆ ಭಾನುವಾರವೇ ಬಾಯಾರ್ಸ್ಕೊಳಿ ಅಂತ ಗದ್ದೆಗಳಿಗೆ ಹೇಳಿಟ್ಟು ಹೋಗು.’

ಕಟ್ಟೆ ಮತ್ತೆ ನಕ್ಕಿತು, ಆದರೆ ನಗುವುದು ಬೇರೆ, ಒಪ್ಪುವುದು ಬೇರೆ. ಗೌಡರ ಕಣ್ಣು ಮುಚ್ಚಿತ್ತು. ಗೊರಕೆಯ ಹಾಗೊಂದು ಸದ್ದೂ ಬಂತು. ಕಡೆಗೆ ಎದ್ದವರು, ‘ಶುಕ್ರವಾರ ತೂಬೆತ್ತಾನ. ಇಬ್ರೂ ಬರ್ರಿ’ ಎಂದಷ್ಟೇ ಹೇಳಿ ಕೋಲು ಊರಿಕೊಂಡು ಹೋದರು.

ವಾಪಸು ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ರೈಟ್ರು, ‘ಗೌಡ್ರು ನಿದ್ದೆ ಮಾಡ್ಬಿಟ್ರು ಕಣ್ರೀ. ಮುಖ್ಯವಾದ ಮೂರು ದರ್ಜೆ ಹೇಳುವಾಗಲೇ’ ಎಂದು ನಿಟ್ಟುಸಿರಿಟ್ಟರು.

ಶುಕ್ರವಾರ ಬೆಳಿಗ್ಗೆ ಏರಿಯ ಮೇಲೆ ಊರಿಗೆ ಊರೇ ಇತ್ತು. ಆಕಾಶ ಮೋಡ ಕವಿದು ತಣ್ಣಗಿತ್ತು. ನೀರು ತೂಬಿನ ಕಂಬದ ಮುಕ್ಕಾಲು ಮುಟ್ಟಿತ್ತು. ಸೀನ ರಜ ಹಾಕಿ ಬಂದಿದ್ದ, ಬಿಳೀ ಶೂ ಹಾಕಿಕೊಂಡು. ಕಂಬದ ಹತ್ತಿರ ಹೋಗಬೇಕಾದರೆ ಎದೆಮಟ್ಟ ನೀರಲ್ಲಿ, ಪಾಚಿಯಲ್ಲಿ ಇಳಿಯಬೇಕು. ಅವನು ನೀರನ್ನು ನೋಡಿದ, ಶೂ ನೋಡಿದ, ನೀರಲ್ಲಿ ಉದ್ದಕ್ಕೆ ಸಾಗುತ್ತಿದ್ದ ಯಾವುದೋ ಒಂದನ್ನು ನೋಡಿದ. ‘ಅಕ್ಕಾ, ನಿನ್ನ ಫೋನು ನೆನೆದುಹೋಯ್ತದೆ, ಕೊಡು ನಾನಿಟ್ಕೊಂಡಿರ್ತೀನಿ’ ಎಂದ. ಅವಳ ಚಪ್ಪಲಿಯನ್ನೂ ಅವನೇ ಎತ್ತಿ ಪಕ್ಕಕ್ಕಿಟ್ಟ. ಗಂಡು ವಾರಸುದಾರನ ಹಕ್ಕು ಹೀಗೆ ಶಾಂತಿಯುತವಾಗಿ ಇತ್ಯರ್ಥವಾಯಿತು.

ಆದರೆ ಇನ್ನೊಂದು ಉಳಿದಿತ್ತು. ನಾಗವೇಣಿ ನೀರಿಗಿಳಿದು ಹೋಗಿ ಕಂಬದ ಅಡ್ಡಗಲ್ಲಿನ ಮೇಲೆ ಹತ್ತಿ ನಿಂತಳು. ಅಪ್ಪನ ಟವೆಲ್ಲು ಅವಳ ಹೆಗಲ ಮೇಲಿತ್ತು. ಎದುರಿಗೆ ಏರಿಯ ಮೇಲೆ ಗೌಡರು. ಸುತ್ತಿಕೊಂಡರೆ ಉದ್ಧಟತನ, ಸುತ್ತಿಕೊಳ್ಳದೆ ತೂಬೆತ್ತಿದರೆ ಅದು ಬರೀ ಕೂಲಿ, ಮುಂದಿನ ವರ್ಷ ಯಾರಾದರೂ ಮಾಡಬಹುದು. ಊರಿಗೆಲ್ಲ ಅದು ಗೊತ್ತಿತ್ತು. ಅವಳು ಬಿರಡೆ ಎತ್ತುವ ಕೋಲಿಗೆ ಕೈಯಿಟ್ಟಳು, ಎತ್ತಲಿಲ್ಲ. ರೈಟ್ರು ನನ್ನ ಮೊಣಕೈ ಹಿಡಿದಿದ್ದರು. ಅವರ ಉಗುರು ನನ್ನ ಚರ್ಮಕ್ಕೆ ಇಳಿದದ್ದು ಆಗ ನನಗೆ ಗೊತ್ತಾಗಲಿಲ್ಲ.

ಗೌಡರು ಮೇಲೆ ಮೋಡ ನೋಡಿದರು. ಕೆಮ್ಮಿದರು.

‘ಏನಮ್ಮಾ ನೋಡ್ತಾ ನಿಂತಿದ್ದೀಯ? ಬಿಸಿಲು ಜೋರೈತೆ. ತಲೆಗೆ ಟವಲ್ ಸುತ್ಕೋ.’

ಆ ದಿನ ಬೆಳಗಿನಿಂದ ಬಿಸಿಲೇ ಬಂದಿರಲಿಲ್ಲ.

ಪಕ್ಕದಲ್ಲಿ ಏನೋ ಅಲುಗಾಡಿದಂತಾಗಿ ತಿರುಗಿದೆ. ರೈಟ್ರು ಕರಿಯ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದರು. ಒಳಗೆ ಏನಿರಬಹುದೆಂದು ಇಡೀ ತಾಲ್ಲೂಕು ಕಚೇರಿ ಊಹೆ ಮಾಡಿತ್ತು. ಏನೂ ಇರಲಿಲ್ಲ. ಎಳೆಗೂಸಿನ ತಲೆಯಂಥ ನುಣ್ಣನೆಯ ತಲೆ, ಮೋಡದ ಬೆಳಕಲ್ಲಿ ಸಣ್ಣಗೆ ಹೊಳೆಯುತ್ತಿತ್ತು.

ನಾಗವೇಣಿ ಟವೆಲ್ಲನ್ನು ಎರಡು ಸುತ್ತು ಸುತ್ತಿ, ತುದಿ ಸಿಕ್ಕಿಸಿದಳು. ಎರಡೂ ಕೈಯಲ್ಲಿ ಕೋಲು ಹಿಡಿದಳು. ಆಮೇಲೆ ತಲೆಯೆತ್ತಿ, ಸುತ್ತಿದ ಟವೆಲ್ಲಿನಲ್ಲೇ, ಏರಿಯ ಕೆಳಗಿನ ಕಾಲುವೆಯ ಕಡೆ ಗದ್ದ ತೋರಿಸಿ ಕೂಗಿದಳು:

‘ಗೌಡ್ರೇ, ಆ ಕಡೆ ನಿಂತ್ಕೊಂಡಿರೋರ್ನ ಸರೀರಿ ಅನ್ನಿ! ನೀವೂ ಒಂದೀಟು ಹಿಂದಕ್ಕೆ ಸರ್ಕೊಳಿ, ನೀರು ಬತ್ತದೆ!’

ಗೌಡರು ಸರಿದರು.